ಖಾಲಿ ಡಬ್ಬಿ ಕಳಿಸಬಾರದು

ನಮ್ಮ ಅತ್ತೆಯ ಪ್ರಕಾರ ಈ ಭೂಮಿಯ ಮೇಲೆ ಇರುವುದು ಎರಡೇ ದೇಶ. ಒಂದು ಹಲಸೂರು, ಇನ್ನೊಂದು 'ಅತ್ಲಾಗೆ'. ಶಿವಾಜಿನಗರ ಹಲಸೂರಿನದೇ ಒಂದು ಭಾಗ, ಇಂದಿರಾನಗರ ಹಲಸೂರಿನವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಜಾಗ. ಬಸ್ಸು ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿತೋ, ಅತ್ಲಾಗೆ ಶುರು. ಕೆ.ಆರ್. ಪುರದಲ್ಲಿದ್ದ ನಮ್ಮ ಮನೆಗೆ ಬರುವಾಗ ಅವರ ಚೀಲದಲ್ಲಿ ನೀರಿನ ಬಾಟಲಿ, ಚಿತ್ರಾನ್ನ, ತಲೆನೋವಿನ ಮಾತ್ರೆ, ಒಂದು ಸ್ವೆಟರ್ ಇರುತ್ತಿದ್ದವು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ! ಇಂಥವರ ಕೈಗೆ ಚರ್ಚಿನವರು ಸಮುದ್ರದಾಚೆಯ ಮಕ್ಕಳ ಯೋಗಕ್ಷೇಮ ಒಪ್ಪಿಸಿದರೆ ಏನಾಗಬೇಕು, ನೀವೇ ಹೇಳಿ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಹಲಸೂರು ಮಾರ್ಕೆಟ್ಟಿನ ಹಿಂದಿನ ಒಂದು ವಠಾರದಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಒಬ್ಬರೇ ಇದ್ದರು. ಭಾನುವಾರ ಚರ್ಚಿನಲ್ಲಿ ಸಂಡೆ ಸ್ಕೂಲ್ ಟೀಚರು. ಅವರ ಮನೆಯಲ್ಲಿದ್ದ ಎರಡು ಡಬ್ಬಿಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ದೂರಬೇಡಿ.

ಮೊದಲನೆಯದು ಸ್ಟೀಲ್ ಡಬ್ಬಿ. ಪಕ್ಕದ ಮನೆಯ ಫಾತಿಮಾ ಬೀ ಒಂದು ರಂಜಾನಿಗೆ ಅದರಲ್ಲಿ ಪಾಯಸ ಕಳಿಸಿದ್ದರು. ಬಂದ ಪಾತ್ರೆಯನ್ನು ಖಾಲಿ ವಾಪಸ್ ಮಾಡುವುದುಂಟೇ? ಅತ್ತೆ ಅದರಲ್ಲಿ ನಿಂಬೆ ಉಪ್ಪಿನಕಾಯಿ ತುಂಬಿಸಿ ಕೊಟ್ಟರು. ಉಪ್ಪಿನಕಾಯಿ ತಿಂದ ಮೇಲೆ ಫಾತಿಮಾ ಬೀ ಸುಮ್ಮನಿರಲು ಆಗುತ್ತದೆಯೇ? ಅದೇ ಡಬ್ಬಿಯಲ್ಲಿ ಕುಷ್ಕಾ ಬಂತು. ಕುಷ್ಕಾಗೆ ಬದಲಾಗಿ ಕ್ರಿಸ್ಮಸ್ಸಿನ ಸಿಹಿತಿಂಡಿ ಕಲ್ಕಲ್ ಹೋಯಿತು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಸರಿ. ಹನ್ನೊಂದು ವರ್ಷ ಹೀಗೇ ನಡೆದು, ಕೊನೆಗೆ ಡಬ್ಬಿ ಯಾರದೆನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು.

"ಇದು ನಿಮ್ದೇ ಅಲ್ವಾ ಟೀಚರಮ್ಮಾ?"

"ಅಯ್ಯೋ, ನಿಮ್ದು ಕಣ್ರೀ."

"ನಮ್ದು ಅಂದ್ರೆ ಮುಚ್ಚಳದ ಮೇಲೆ ನಮ್ ಯಜಮಾನ್ರ ಹೆಸರು ಇರ್ಬೇಕಿತ್ತಲ್ಲಾ."

ಮುಚ್ಚಳ ಎಂದೋ ಕಳೆದುಹೋಗಿತ್ತು. ಹಾಗಾಗಿ ತೀರ್ಮಾನವಾಗಲಿಲ್ಲ, ಡಬ್ಬಿ ಓಡಾಡುತ್ತಲೇ ಇತ್ತು.

ಎರಡನೆಯದು ತಗಡಿನ ಬಿಸ್ಕತ್ ಡಬ್ಬಿ. ಮುಚ್ಚಳದ ಮೇಲೆ ಹಿಮದಲ್ಲಿ ನಿಂತ, ಕೆಂಪು ಕೋಟಿನ ಒಬ್ಬ ಹುಡುಗಿಯ ಚಿತ್ರ. ಬಣ್ಣ ಉದುರಿ ಹುಡುಗಿಗೆ ಒಂದೇ ಕಣ್ಣು ಉಳಿದಿತ್ತು. ಒಳಗೆ ಅತ್ತೆಯ ಗುಂಡಿ, ಹುಕ್ಕು, ದಾರದ ಉಂಡೆ. ಚಿಕ್ಕಂದಿನಲ್ಲಿ ನಾನು ಅದಕ್ಕೆ ಕೈ ಹಾಕಿದಾಗಲೆಲ್ಲ ಒಂದೇ ಮಾತು: "ಮುಟ್ಬೇಡ, ಅದು ನಮ್ದಲ್ಲ." ಯಾರದು ಅತ್ತೆ ಎಂದರೆ "ಅತ್ಲಾಗಿನವ್ರದು" ಎನ್ನುತ್ತಿದ್ದರು. ಟಿನ್ ಫ್ಯಾಕ್ಟರಿ ಆಚೆಯವರ್ಯಾರೋ ಮರೆತು ಹೋಗಿರಬೇಕು ಎಂದು ನಾನು ಬಹಳ ವರ್ಷ ನಂಬಿದ್ದೆ.

ತೊಂಬತ್ತರ ದಶಕದ ಒಂದು ಮೇ ತಿಂಗಳು. ನಾನು ಪಿಯುಸಿ ಬರೆದು ಫಲಿತಾಂಶಕ್ಕೆ ಹೆದರಿಕೊಂಡು ಕೂತಿದ್ದೆ. ಅತ್ತೆ ನನ್ನನ್ನು ತಮ್ಮ ಮನೆಗೆ ಕರೆಸಿಕೊಂಡು, ಚರ್ಚಿನ ವಿ.ಬಿ.ಎಸ್.ಗೆ ಎಳೆದುಕೊಂಡು ಹೋದರು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹತ್ತು ದಿನ ಬೈಬಲ್ ಕಥೆ, ಕೈಕಾಲು ಆಡಿಸುವ ಹಾಡು, ಕೊನೆಗೆ ಬನ್ನು, ಶರಬತ್ತು, ಇಷ್ಟೇ ವಿ.ಬಿ.ಎಸ್. ಆ ವರ್ಷ ನಮ್ಮ ಪಾದ್ರಿ ಅಯ್ಯನವರು ಹೊಸದೊಂದು ಸೇರಿಸಿದರು. ಪ್ರತಿಯೊಂದು ಮಗುವೂ ಒಂದು ಶೂ ಡಬ್ಬಿ ತುಂಬಿಸಬೇಕು, ಅದು ಹೊರದೇಶದ ಬಡಮಕ್ಕಳಿಗೆ ಹೋಗುತ್ತದೆ.

ಮಕ್ಕಳು ಮುಖ ಮುಖ ನೋಡಿಕೊಂಡರು. ಫಾರಿನ್ ಎಂದರೆ ಚಾಕೊಲೇಟು ಬರುವ ಜಾಗ, ಕ್ರಿಸ್ಮಸ್ಸಿಗೆ ಹಳೆಯ ಸ್ವೆಟರುಗಳು ಬರುವ ಜಾಗ. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಎದ್ದು, "ಅಯ್ಯನವ್ರೇ, ಫಾರಿನ್ನಲ್ಲೂ ಬಡವ್ರು ಇರ್ತಾರಾ?" ಎಂದು ಕೇಳಿದಳು.

ಅಯ್ಯನವರು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು. "ಇಲ್ದೆ ಏನಮ್ಮ? ಇಷ್ಟು ವರ್ಷ ನಮಗೆ ಕೊಟ್ಟೂ ಕೊಟ್ಟೂ ಬಡವ್ರಾಗಿರ್ತಾರೆ, ಪಾಪ."

ಇದಕ್ಕಿಂತ ಸ್ಪಷ್ಟವಾದ ಅರ್ಥಶಾಸ್ತ್ರವನ್ನು ನಾನು ಪಿಯುಸಿಯಲ್ಲೂ ಓದಿರಲಿಲ್ಲ. ಮಕ್ಕಳೆಲ್ಲ ತಲೆಯಾಡಿಸಿದರು. ಅಯ್ಯನವರು ತಿದ್ದಲು ಬಾಯಿ ತೆರೆದು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಪ್ರಾರ್ಥನೆ ಮಾಡಿಬಿಟ್ಟರು.

ಡಬ್ಬಿಗಳ ಉಸ್ತುವಾರಿ ಚರ್ಚಿನ ಕಾರ್ಯದರ್ಶಿಗಳದು. ಅಂಚೆ ಕಚೇರಿಯಿಂದ ನಿವೃತ್ತರಾದವರು, ಯಾವ ಪೊಟ್ಟಣ ಕಂಡರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಅಭ್ಯಾಸ. ಅವರು ನಿಯಮಗಳನ್ನು ಓದಿದರು. ವಸ್ತುಗಳು ಹೊಸದಾಗಿರಬೇಕು. ತಿನ್ನುವ ಪದಾರ್ಥ ಕೂಡದು. ಕಳಿಸಿದವರ ವಿಳಾಸ ಕೂಡದು.

"ಯಾವ ದೇಶಕ್ಕೆ ಹೋಗುತ್ತೆ ಬ್ರದರ್?" ಅತ್ತೆ ಕೇಳಿದರು.

"ಅದು ಆಮೇಲೆ ನಿರ್ಧಾರ ಆಗುತ್ತೆ ಟೀಚರ್."

"ಯಾರ ಮನೆಗೆ ಅಂತ ಗೊತ್ತಿಲ್ದೆ ಹೆಂಗ್ರೀ ಬುತ್ತಿ ಕಟ್ಟೋದು?"

ಕಾರ್ಯದರ್ಶಿಗಳು ನಿಯಮದ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಗೊಂದಲ ಅಲ್ಲಿಂದ ಶುರುವಾಯಿತು ನೋಡಿ. ಮೂರನೆಯ ದಿನ ಅತ್ತೆಯ ತರಗತಿಯ ಡಬ್ಬಿ ತೆಗೆದರೆ ಒಂದೊಂದರಲ್ಲೂ ಒಂದು ಮಂಕಿ ಟೋಪಿ, ಒಂದು ಬೀಸಣಿಗೆ.

"ಟೀಚರ್, ಇವೆರಡೂ ಯಾಕೆ?"

"ದೇಶ ಯಾವ್ದು ಅಂತ ನೀವು ಹೇಳಿ, ನಾನು ಒಂದನ್ನ ತೆಗೀತೀನಿ."

ಅವರು ಹೇಳಲಿಲ್ಲ, ಇವರು ತೆಗೆಯಲಿಲ್ಲ. ಐದನೆಯ ದಿನ ಬೆಳಿಗ್ಗೆ ಚರ್ಚಿನ ಮೆಟ್ಟಿಲಿನಿಂದ ಡಬ್ಬಿಗಳ ಕೋಣೆಯವರೆಗೆ ಇರುವೆಗಳ ಸಾಲು. ಹಲಸೂರಿನ ಅಷ್ಟೂ ಇರುವೆಗಳು ವಿ.ಬಿ.ಎಸ್.ಗೆ ಸೇರಿಕೊಂಡಂತಿತ್ತು. ಹುಡುಕಿದರೆ ಪ್ರತಿ ಡಬ್ಬಿಯ ಕಾಲುಚೀಲದೊಳಗೂ ನಾಲ್ಕು ಕಲ್ಕಲ್. ಕಾರ್ಯದರ್ಶಿಗಳು ಕಾಲುಚೀಲ ಹಿಡಿದು ನಿಂತರು. "ತಿನ್ನೋದು ಕೂಡದು ಅಂತ ಹೇಳಿದ್ನಲ್ಲಾ?"

"ಅದು ದೊಡ್ಡೋರಿಗೆ ಹೇಳಿರೋದು ಬ್ರದರ್. ಡಬ್ಬಿ ತೆಗೆಯೋದು ಮಗು."

ಇದಕ್ಕೆಲ್ಲ ನಗಬಹುದಿತ್ತು, ನಕ್ಕೆವು ಕೂಡ. ಆದರೆ ವಿಳಾಸದ ನಿಯಮಕ್ಕೆ ಬಂದಾಗ ಅತ್ತೆ ನಿಜವಾಗಿ ಸಿಟ್ಟಾದರು. ಮಕ್ಕಳಿಂದ ಅವರು ಪತ್ರ ಬರೆಸಿದ್ದರು: ನೀನು ಕ್ಷೇಮವೇ, ನಾನು ಕ್ಷೇಮ, ನಿಮ್ಮ ಅಜ್ಜಿ ಹೇಗಿದ್ದಾರೆ. ಕೆಳಗೆ ಪೂರ್ತಿ ವಿಳಾಸ, ಮಾರ್ಕೆಟ್ ಹಿಂದೆ, ಸೀಮೆಎಣ್ಣೆ ಡಿಪೋ ಎದುರು, ನೀಲಿ ಬಾಗಿಲು. ಕಾರ್ಯದರ್ಶಿಗಳು ಒಂದೊಂದು ವಿಳಾಸವನ್ನೂ ಕತ್ತರಿಯಿಂದ ಕತ್ತರಿಸತೊಡಗಿದರು.

"ವಿಳಾಸ ಇಲ್ದಿದ್ರೆ ಆ ಮಗು ಡಬ್ಬಿ ವಾಪಸ್ ಮಾಡೋದು ಹೆಂಗೆ?" ಅತ್ತೆ ಕತ್ತರಿಗೆ ಕೈ ಅಡ್ಡ ಹಿಡಿದರು.

"ಶೂ ಡಬ್ಬಿನ ಯಾರು ವಾಪಸ್ ಮಾಡ್ತಾರೆ ಟೀಚರ್?"

"ಮಾಡ್ಬೇಕು ಅಂತ ಇದ್ರೆ?"

ಯಾರಿಗೂ ಅರ್ಥವಾಗಲಿಲ್ಲ. ರಟ್ಟಿನ ಡಬ್ಬಿಗೆ ಇಷ್ಟು ರಂಪವೇ? ನನಗಂತೂ ನಾಚಿಕೆಯಾಯಿತು. ದಾರಿಯಲ್ಲಿ, "ಅತ್ತೆ, ಅದು ಫಾತಿಮಾ ಬೀ ಡಬ್ಬಿ ಅಲ್ಲ, ಬಿಟ್ಬಿಡಿ" ಎಂದೆ. ಅವರು ಚೀಲವನ್ನು ಎದೆಗವಚಿಕೊಂಡು ನನಗಿಂತ ಮುಂದೆ ನಡೆದುಬಿಟ್ಟರು.

ಹತ್ತನೆಯ ದಿನ ಬೆಳಿಗ್ಗೆ ಡಬ್ಬಿಗಳನ್ನು ಒಯ್ಯಲು ವ್ಯಾನು ಬಂತು. ಮಕ್ಕಳು ಹಾಡುತ್ತಾ ತಮ್ಮ ತಮ್ಮ ಡಬ್ಬಿ ತಂದು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟರು. ಸಾಲಿನ ಕೊನೆಯಲ್ಲಿ ಅತ್ತೆ. ಕೈಯಲ್ಲಿ ತಗಡಿನ ಡಬ್ಬಿ. ಹುಣಸೆಹಣ್ಣು ಹಾಕಿ ತಿಕ್ಕಿದ್ದರೆಂದು ಕಾಣುತ್ತದೆ, ಅಂಚು ಹೊಳೆಯುತ್ತಿತ್ತು. ಒಂಟಿ ಕಣ್ಣಿನ ಹುಡುಗಿಗೆ ಯಾರೋ ಹೊಸದಾಗಿ ಇನ್ನೊಂದು ಕಣ್ಣು ಬರೆದಿದ್ದರು.

"ಟೀಚರ್, ಮಕ್ಕಳು ಮಾತ್ರ ಕೊಡ್ಬೇಕು. ಶೂ ಡಬ್ಬಿಲಿ ಕೊಡ್ಬೇಕು. ಇದು ಹಳೇದು ಬೇರೆ, ತಗೊಳ್ಳೋಕಾಗಲ್ಲ."

"ನಾನೂ ಮಗುವಾಗಿದ್ದಾಗಿಂದ ಕೊಡ್ಬೇಕು ಅಂತಿದ್ದೀನಿ ಬ್ರದರ್" ಎಂದರು ಅತ್ತೆ.

ಆಮೇಲೆ ಅವರು ಹೇಳಿದ್ದು ಇಷ್ಟು. ನಮ್ಮ ಅಜ್ಜ ತೀರಿಕೊಂಡಾಗ ಅಜ್ಜಿಗೆ ಇಬ್ಬರನ್ನು ಸಾಕುವ ಶಕ್ತಿಯಿರಲಿಲ್ಲ. ನಮ್ಮ ಅಪ್ಪ ಕೈಗೂಸು, ಅವನನ್ನು ಇಟ್ಟುಕೊಂಡು, ಎಂಟು ವರ್ಷದ ಅತ್ತೆಯನ್ನು ಮಿಷನ್ ಬೋರ್ಡಿಂಗಿಗೆ ಸೇರಿಸಿದರು. ಆ ಕ್ರಿಸ್ಮಸ್ಸಿಗೆ ಹೊರದೇಶದಿಂದ ಮಕ್ಕಳಿಗೆ ಡಬ್ಬಿಗಳು ಬಂದವು. ಅತ್ತೆಗೆ ಬಂದದ್ದು ಇದು. ಒಳಗೆ ಒಂದು ಬಾಚಣಿಗೆ, ಎರಡು ರಿಬ್ಬನ್ನು, ಪೆಪ್ಪರ್‌ಮಿಂಟು, ಒಂದು ಚೀಟಿಯಲ್ಲಿ ಯಾವುದೋ ಹುಡುಗಿಯ ಹೆಸರು. ವಿಳಾಸ ಇರಲಿಲ್ಲ. ಡಬ್ಬಿ ವಾಪಸ್ ಮಾಡಬೇಕು ಎಂದು ವಾರ್ಡನ್ ಅಮ್ಮನ ಹಿಂದೆ ಬಿದ್ದರೆ ಅವರು ನಕ್ಕುಬಿಟ್ಟರಂತೆ.

"ಖಾಲಿ ವಾಪಸ್ ಮಾಡ್ಬಾರ್ದು ಅಂತ ನಮ್ಮಮ್ಮ ಹೇಳ್ಕೊಟ್ಟಿದ್ರು. ಬೋರ್ಡಿಂಗಲ್ಲಿ ತುಂಬ್ಸೋಕೆ ನನ್ ಹತ್ರ ಏನಿತ್ತು? ಈಗ ತುಂಬ್ಸಿದ್ದೀನಿ. ತಗೊಳ್ಳಿ."

ವ್ಯಾನಿನವನು ಹಾರ್ನ್ ಹೊಡೆದ. ಕಾರ್ಯದರ್ಶಿಗಳು ಅಭ್ಯಾಸದಂತೆ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮುಚ್ಚಳ ತೆಗೆದರು. ಕಲ್ಕಲ್ ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇರಲಿಲ್ಲ. ಹೊಸ ಬಾಚಣಿಗೆ, ಎರಡು ರಿಬ್ಬನ್ನು, ಪೆನ್ಸಿಲ್ಲು, ಅತ್ತೆ ಹೊಲಿದ ಒಂದು ಪುಟ್ಟ ಫ್ರಾಕು. ಹತ್ತು ದಿನ ಒಂದು ನಿಯಮವನ್ನೂ ಬಿಡದೆ ಮುರಿದಿದ್ದ ಅತ್ತೆ, ತಮ್ಮ ಡಬ್ಬಿಯೊಳಗೆ ಒಂದನ್ನೂ ಮುರಿದಿರಲಿಲ್ಲ. ತಳದಲ್ಲಿ ಒಂದು ಚೀಟಿ. ಕತ್ತರಿ ಕೈಗೆ ತೆಗೆದುಕೊಂಡೇ ಕಾರ್ಯದರ್ಶಿಗಳು ಅದನ್ನು ಬಿಡಿಸಿದರು. ವಿಳಾಸವೂ ಇರಲಿಲ್ಲ. ದುಂಡನೆಯ ಅಕ್ಷರದ ಕನ್ನಡದಲ್ಲಿ ಎರಡು ಸಾಲು, ಕೆಳಗೆ ಅದೇ ಇಂಗ್ಲಿಷಿನಲ್ಲಿ, ಯಾರನ್ನೋ ಕೇಳಿ ಬರೆಸಿದ್ದು.

'ಮಗೂ, ಈ ಡಬ್ಬಿ ನಿನ್ನದೇ. ವಾಪಸ್ ಮಾಡಬೇಕಾಗಿಲ್ಲ.'

"ವಿಳಾಸ ಯಾಕೆ ಹಾಕ್ಲಿಲ್ಲ ಟೀಚರ್?" ಕಾರ್ಯದರ್ಶಿಗಳು ಮೆಲ್ಲಗೆ ಕೇಳಿದರು.

"ನಿಮ್ ಕತ್ತರಿ ನೋಡಿದ ದಿನ ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ನಂಗೆ ಕಳಿಸಿದ ಆ ಹುಡುಗಿಗೇ ತಲುಪಲ್ಲ ಅಂತ ನಂಗೊತ್ತಿಲ್ವಾ? ಅವಳೂ ನನ್ ಥರ ಮುದುಕಿ ಆಗಿರ್ತಾಳೆ. ಯಾವುದೋ ಮಗುಗೆ ಸಿಗುತ್ತೆ. ವಿಳಾಸ ಇದ್ರೂ ಅದು ವಾಪಸ್ ಮಾಡೋದು ಹೆಂಗೆ ಅಂತ ಯೋಚ್ನೆ ಮಾಡುತ್ತೆ, ಇಲ್ದಿದ್ರೂ ಮಾಡುತ್ತೆ. ಐವತ್ತು ವರ್ಷ ಇನ್ನೊಬ್ರ ಡಬ್ಬಿ ಮನೇಲಿಟ್ಕೊಂಡಿರೋದು ಕಷ್ಟ ಬ್ರದರ್. ಆ ಮಗುಗೆ ಆ ಕಷ್ಟ ಬೇಡ."

ಹತ್ತು ದಿನದಿಂದ ಗೊಂದಲದಲ್ಲಿದ್ದವರು ಅತ್ತೆ ಎಂದುಕೊಂಡಿದ್ದೆವು, ಇದ್ದವರು ನಾವು. ಕಾರ್ಯದರ್ಶಿಗಳು ಕತ್ತರಿ ಜೇಬಿಗೆ ಹಾಕಿಕೊಂಡರು. ಡಬ್ಬಿಯನ್ನು ತಾವೇ ಎತ್ತಿಕೊಂಡು ಹೋಗಿ, ವ್ಯಾನಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು ಬಂದರು.

ಮನೆಗೆ ಬಂದಾಗ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಫಾತಿಮಾ ಬೀಯ ಸ್ಟೀಲ್ ಡಬ್ಬಿ ಇತ್ತು. ಅದರ ತುಂಬ ಗುಂಡಿ, ಹುಕ್ಕು, ದಾರದ ಉಂಡೆ.

"ಅತ್ತೆ, ಇದನ್ನ ವಾಪಸ್ ಮಾಡಲ್ವಾ?"

"ಫಾತಿಮಾ ಬೀನೇ ಇಟ್ಕೊಳ್ಳಿ, ವಾಪಸ್ ಬೇಡ ಅಂದ್ರು" ಎಂದರು ಅತ್ತೆ. ಹೇಳುತ್ತಾ ಹೇಳುತ್ತಾ ಮುಖ ತಿರುಗಿಸಿಕೊಂಡು ಸೂಜಿಗೆ ದಾರ ಪೋಣಿಸಲು ನೋಡಿದರು. ಪೋಣಿಸಲಾಗಲಿಲ್ಲ. ನಾನು ಪೋಣಿಸಿಕೊಟ್ಟೆ.