ಮಾವನ ಬಾಯಿಗೆ ಒಂದು ವಾರ ರಜೆ

ಹಲ್ಲಿಗೆ ಎರಡು ಬೇರುಗಳಿದ್ದವು. ಒಂದು ನೆಟ್ಟಗೆ, ಇನ್ನೊಂದು ತುದಿಯಲ್ಲಿ ಕೊಕ್ಕೆಯಂತೆ ಬಾಗಿತ್ತು. ಡಾಕ್ಟರು ಸ್ಟೀಲಿನ ತಟ್ಟೆಗೆ ಹಾಕಿದಾಗ ಟಣ್ ಎಂದಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕುರ್ಚಿಯಲ್ಲಿ ಒರಗಿದ್ದ ನನ್ನ ಸೋದರಮಾವ ಮಾತ್ರ ಏನೂ ಅನ್ನಲಿಲ್ಲ. ನಾನು ಕಂಡಂತೆ ಅದೇ ಮೊದಲು!

ಕೊಪ್ಪದ ಬಸ್ಸುಗಳು ಡೀಸೆಲಿನಿಂದ ಓಡುತ್ತವೆ ಎಂದು ನೀವು ನಂಬಿದ್ದರೆ ತಪ್ಪು. ಅವು ಓಡುವುದು ನನ್ನ ಮಾವನ ಗಂಟಲಿನಿಂದ. ಹಾಗೆಂದು ಮಾವನೇ ಹೇಳಿದ್ದಾರೆ. ಅವರು ಖಾಸಗಿ ಬಸ್ಸುಗಳ ಏಜೆಂಟರು. ಸ್ಟ್ಯಾಂಡಿನಲ್ಲಿ ನಿಂತು "ಹರಿಹರಪುರ, ಶೃಂಗೇರಿ, ನೆಮ್ಮಾರ್, ಕೆರೆಕಟ್ಟೆ! ಹೊರಟ್ತು, ಹೊರಟೇಬಿಡ್ತು!" ಎಂದು ಕೂಗಿ ಜನರನ್ನು ಹತ್ತಿಸುವುದು ಅವರ ಕೆಲಸ. ಆ ಕೂಗಿಗೆ ಬೆದರಿ, ಕೆರೆಕಟ್ಟೆಗೆ ಹೋಗುವ ಯೋಚನೆಯೇ ಇಲ್ಲದವರೂ ಹತ್ತಿ ಕೂತದ್ದುಂಟು.

ನಾನು ಎನ್.ಆರ್. ಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇರುವುದು ಕೊಪ್ಪದಲ್ಲಿ, ಮಾವನ ಮನೆಯಲ್ಲಿ. ಯಾರ ಕಣ್ಣಿಗೂ ಬೀಳದೆ ಬಸ್ಸು ಹತ್ತುವುದು ನನ್ನ ದಿನದ ಮೊದಲ ಆಸೆ. ಅದು ಎಲ್ಲಿ ಸಾಧ್ಯ? "ಏ ಡ್ರೈವರ್, ನಿಲ್ಸು ಮಾರಾಯ! ನಮ್ಮ ಲೆಕ್ಚರರ್ ಬರ್ತಾ ಇದ್ದಾಳೆ. ಎರಡನೇ ಸಲ ದೋಸೆ ಹಾಕಿಸ್ಕೊಂಡ್ಲು, ತಡ ಆಯ್ತು!" ನನ್ನ ದೋಸೆಯ ವಿಚಾರ ಇಡೀ ಬಸ್ಸಿಗೆ ಬೇಕೇ? ನನ್ನ ವಿದ್ಯಾರ್ಥಿಗಳೂ ಅದೇ ಬಸ್ಸಿನಲ್ಲಿರುತ್ತಾರೆ.

ಇಂಥ ಬಾಯೊಳಗೆ ಬುದ್ಧಿಹಲ್ಲು ಅಡ್ಡಡ್ಡ ಹುಟ್ಟಿ ಕೆನ್ನೆ ಊದಿಸಿತು. ಮಾವ ತಿಂಗಳುಗಟ್ಟಲೆ ಲವಂಗದೆಣ್ಣೆಯಲ್ಲೇ ಕಾಲ ದೂಡಿದರು. ಕೀಳಿಸಿದರೆ ಒಂದು ವಾರ ಬಾಯಿ ಅಗಲಿಸಬಾರದು ಎಂದು ಡಾಕ್ಟರು ಹೇಳಿದ್ದೇ ಕಾರಣ.

"ಒಂದು ವಾರ ಅಲ್ವಾ ಮಾವ?" ಎಂದೆ.

"ಒಂದು ವಾರ ಸುಮ್ನಿದ್ರೆ ಓನರಿಗೆ ಗೊತ್ತಾಗಿ ಹೋಗ್ತದೆ ಮಾರಾಯ್ತಿ."

"ಎಂತದು?"

"ನಾನಿಲ್ದೆ ಹೋದ್ರೂ ಬಸ್ಸು ಹೊರಡ್ತದೆ ಅಂತ."

ಆಗ ನಕ್ಕೆ. ಮಾವ ನಗಲಿಲ್ಲ. ಕೆನ್ನೆ ಊದಿದ್ದರಿಂದ ಇರಬೇಕು ಎಂದುಕೊಂಡೆ.

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಬಾಯಿ ರಜೆ ಹಾಕಿದರೇನು, ಕೂಗು ಕೆಲಸಕ್ಕೆ ಹೋಗಲಿ! ಹಲ್ಲು ಕೀಳಿಸುವ ಹಿಂದಿನ ದಿನ ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದರು. ಸ್ಟ್ಯಾಂಡಿನ ಬೇಕರಿ ಭಾಯಿಯ ಹತ್ತಿರ ಸ್ಪೀಕರಿತ್ತು. ವಾರವಿಡೀ ಅದನ್ನು ಹಾಕುವುದೆಂದು ಮಾತಾಯಿತು. ಆದರೆ ಮಾವನಿಗೆ ಬರಿಗೋಡೆಯ ಮುಂದೆ ಕೂಗಿ ರೂಢಿಯಿಲ್ಲ. ಕೆರೆಕಟ್ಟೆಯವರೆಗೆ ಸರಿಯಾಗಿ ಹೋದವರು ಆಮೇಲೆ ಅಭ್ಯಾಸಬಲದಿಂದ "ಏ ಅಜ್ಜಿ, ನಿಧಾನ! ಆ ಚೀಲ ಇತ್ಲಾಗೆ ಕೊಡಿ!" ಎಂದುಬಿಟ್ಟರು. ಎದುರಿಗೆ ಅಜ್ಜಿಯಿಲ್ಲ, ಚೀಲವಿಲ್ಲ! ಅದೂ ರೆಕಾರ್ಡಿನಲ್ಲಿ ಉಳಿಯಿತು.

ಮನೆಯಲ್ಲಿ ಮೌನವ್ರತ ಶುರುವಾಯಿತು. ವ್ರತವೆಂದರೆ ಗಂಟಲಿಗೆ ಮಾತ್ರ. ಕೈಗಳಿಗೆ ಯಾರು ಹೇಳುವವರು? ಅತ್ತೆ ತಣ್ಣಗಿನ ಗಂಜಿ ತಂದಿಟ್ಟು "ಉಪ್ಪು ಸಾಕಾ?" ಎಂದರೆ ಮಾವ ಎರಡೂ ಕೈ ಜೋಡಿಸಿ ಮೇಲೆತ್ತಿದರು. "ಎಂತ, ನನ್ನ ಅಡುಗೆಗೆ ಕೈ ಮುಗಿಯೋ ಹಾಗಾಯ್ತಾ?" ಎಂದು ಅತ್ತೆ ಬಟ್ಟಲು ಸಮೇತ ಒಳಗೆ ಹೋದರು. ಕೈ ಜೋಡಿಸಿದ್ದು ಶೃಂಗೇರಿ ಬಸ್ಸು ಹೊರಡುವ ಹೊತ್ತಾಯಿತು ಎನ್ನುವುದಕ್ಕೆ ಎಂದು ನನಗೆ ಸಂಜೆ ತಿಳಿಯಿತು. ಅಷ್ಟರಲ್ಲಿ ಗಂಜಿ ನಾಯಿಯ ಪಾಲಾಗಿತ್ತು.

ಅತ್ತ ಸ್ಟ್ಯಾಂಡಿನಲ್ಲಿ ಸ್ಪೀಕರು ತನ್ನ ಕೆಲಸ ಮಾಡುತ್ತಿತ್ತು. ಬಾಳಗಡಿಯ ಕಡೆಯ ಹೆಂಗಸೊಬ್ಬರು, ತಲೆಗೆ ಬಣ್ಣ ಹಚ್ಚಿ ಮದುವೆಗೆ ಹೊರಟವರು, ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗಲೇ ಸ್ಪೀಕರು "ಏ ಅಜ್ಜಿ, ನಿಧಾನ!" ಎಂದಿತಂತೆ.

"ಯಾರನ್ನ ಅಜ್ಜಿ ಅಂದದ್ದು? ಹೊರಗೆ ಬಾ ನೋಡ್ತೇನೆ!" ಎಂದು ಆಕೆ ಬೇಕರಿಗೆ ನುಗ್ಗಿದರು.

"ಅಮ್ಮಾ, ನಾನಲ್ಲ, ನಮ್ಮ ಏಜೆಂಟ್ರು," ಎಂದರು ಭಾಯಿ.

"ಎಲ್ಲಿದ್ದಾನೆ ಅವ?"

"ಮನೇಲಿ. ಮಾತಾಡ್ಲಿಕ್ಕೆ ಆಗೋದಿಲ್ಲ ಅವ್ರಿಗೆ!"

ಅಂದು ಸಂಜೆಯೇ ಅಜ್ಜಿಯನ್ನು ಕತ್ತರಿಸಿ ಹಾಕಬೇಕೆಂದು ಮಾವ ಸನ್ನೆಯಲ್ಲಿ ಹೇಳಿದರು. ನಾನು ಕತ್ತರಿಸಿದೆ. ಎನ್.ಆರ್. ಪುರದ ಕೂಗನ್ನು ಬೇರೆ, ಶೃಂಗೇರಿಯದನ್ನು ಬೇರೆ ಮಾಡಿದೆ, ಕೆಮ್ಮು ತೆಗೆದೆ. ಅಚ್ಚುಕಟ್ಟಾದ ಕೆಲಸ. ಈಗ ಅದರಲ್ಲಿ ಬೈಗುಳವಿಲ್ಲ, ದೋಸೆಯ ಸುದ್ದಿಯಿಲ್ಲ. ಆ ವಾರ ನಾನು ಎಷ್ಟು ನೆಮ್ಮದಿಯಿಂದ ಬಸ್ಸು ಹತ್ತಿದೆ!

ನೆಮ್ಮದಿ ನನಗೊಬ್ಬಳಿಗೇ ಅಲ್ಲ, ಓನರಿಗೂ ಆಗಿತ್ತು. "ಈ ಸ್ಪೀಕರು ಭಾರಿ ಚೆಂದ ಉಂಟು ಮಾರಾಯ್ರೆ," ಎಂದು ಅವರು ಎಲ್ಲರೆದುರು ಹೇಳುತ್ತಿದ್ದರು. "ಟೀ ಕೇಳೋದಿಲ್ಲ, ಎಲೆಅಡಿಕೆ ಉಗಿಯೋದಿಲ್ಲ."

ವಾರ ಕಳೆದು ಮಾವ ಇಸ್ತ್ರಿ ಹಾಕಿದ ಷರ್ಟು ತೊಟ್ಟು ಕೆಲಸಕ್ಕೆ ಹೋದರು. ಒಂದು ಕೆನ್ನೆ ಇನ್ನೂ ದಪ್ಪವಿತ್ತು. ನಿಂತು, ಎದೆತುಂಬ ಉಸಿರೆಳೆದುಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಸ್ಪೀಕರು "ಹರಿಹರಪುರ, ಶೃಂಗೇರಿ" ಎಂದಿತು. ಮಾವ ಬಾಯಿ ಮುಚ್ಚಿದರು. ಅದು ನಿಂತ ಮೇಲೆ ಮತ್ತೆ ತೆರೆದರು. ದವಡೆ ಸರಿಯಾಗಿ ಬಿಚ್ಚಿಕೊಳ್ಳದೆ ಶೃಂಗೇರಿ ಅರ್ಧಕ್ಕೇ ಮುರಿಯಿತು. ಮೆಟ್ಟಿಲ ಮೇಲಿದ್ದ ಹುಡುಗಿಯರು ಕಿಸಕ್ಕೆಂದರು. ಓನರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, "ನೋವಿನಲ್ಲಿ ಎಂತಕೆ ಕೂಗ್ತೀರಿ ಏಜೆಂಟ್ರೇ? ಆರಾಮ ತಗೊಳ್ಳಿ. ಸದ್ಯಕ್ಕೆ ಇದೇ ಇರ್ಲಿ," ಎಂದರು.

ಅಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿದವರಲ್ಲ. ಇಷ್ಟು ವರ್ಷ ಬೇರೆಯವರ ಸೀಟಿಗಾಗಿ ಜಗಳವಾಡಿದ ಮಾವ ತಮ್ಮದೇ ಧ್ವನಿಗೆ ಸೀಟು ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತರು.

ಸಂಜೆ ಜಗಲಿಯಲ್ಲಿ ಕೂತಿದ್ದಾಗ ಕೇಳಿದರು: "ನೀನು ಓದಿದವಳು, ಸರಿಯಾಗಿ ಹೇಳು. ಅದ್ರಲ್ಲಿ ನನ್ನ ಸ್ವರ ಚೆಂದ ಉಂಟಾ?"

"ಚೆನ್ನಾಗಿದೆ ಮಾವ."

"ನನಗಿಂತ?"

ಮಾವ ನಾಲಿಗೆಯಿಂದ ಹಲ್ಲಿಲ್ಲದ ಜಾಗವನ್ನು ತಡವಿಕೊಳ್ಳುತ್ತಾ ಕೂತರು.

ಮರುದಿನ ಬೆಳಿಗ್ಗೆ ನಾನು ದಿನದಂತೆ ಹಿಂಬಾಗಿಲಿನಿಂದ ಹತ್ತಲಿಲ್ಲ. ಓನರು ಟೀ ಲೋಟ ಹಿಡಿದು ನಿಂತಿದ್ದರು, ಮಾವ ಬೇಕರಿಯ ಗೋಡೆಗೆ ಒರಗಿ ದೂರದಲ್ಲಿದ್ದರು. ಓನರ ಪಕ್ಕದಲ್ಲೇ ನಿಂತು, ಸ್ಪೀಕರು ಒಂದು ಸುತ್ತು ಮುಗಿಸುವವರೆಗೆ ಕಾದೆ. ಆಮೇಲೆ, ಸ್ಪೀಕರಿಗೆ ಉತ್ತರಿಸಲು ಬಾರದ ಒಂದು ಪ್ರಶ್ನೆ ಹುಡುಕಿ, ನನ್ನ ವಿದ್ಯಾರ್ಥಿಗಳೆಲ್ಲ ಕಿಟಕಿಯಿಂದ ಇಣುಕುವಷ್ಟು ಜೋರಾಗಿ, "ಮಾವಾ, ಇದ್ರಲ್ಲಿ ಎನ್.ಆರ್. ಪುರಕ್ಕೆ ಹೋದ್ರೆ ಶಿವಮೊಗ್ಗದ ಬಸ್ಸು ಸಿಗ್ತದಾ?" ಎಂದು ಕೇಳಿದೆ.