ಇನಾಸನ ಕೈಯ ಜಪಸರ

ದರ್ಜಿ ಕೈತಾನನಿಗೆ ತಾಯಿಯ ಮಾತನ್ನು ಪೂರ್ತಿ ಕೇಳುವ ಅಭ್ಯಾಸವಿರಲಿಲ್ಲ. ಅರ್ಧಕ್ಕೇ "ಆಯ್ತು ಮಾಯ್" ಅಂದುಬಿಡುತ್ತಿದ್ದ. ಹಿಂದಿನ ಬಿಡಾರದ ಬಡಗಿ ಇನಾಸ ಜ್ವರದಲ್ಲಿ ತೀರಿಕೊಂಡನೆಂದು ಸುದ್ದಿ ಬಂದ ಬೆಳಿಗ್ಗೆಯೂ ಹಾಗೇ ಆಯಿತು.

ಕಣ್ಣು ಮಸುಕಾಗಿದ್ದ ನಾತಾಲಿಬಾಯಿ ತಲೆದಿಂಬಿನ ಅಡಿಯಿಂದ ಕರಿಮಣಿಯ ಜಪಸರ ತೆಗೆದು ಮಗನ ಕೈಗಿಟ್ಟಳು. "ಇದು ತಗೊಂಡ್ಹೋಗು ಪುತಾ. ಬರೋವಾಗ ನನ್ನ ಸರ ಮಾತ್ರ ಮರೀದೆ ತಗೊಂಬಾ. ಯಾಕಂದ್ರೆ..."

"ಗೊತ್ತು ಮಾಯ್, ಆಯ್ತು," ಎಂದ ಕೈತಾನ ಆಗಲೇ ಮೆಟ್ಟಿಲಿಳಿದಿದ್ದ.

ಗೊತ್ತಿಲ್ಲದೆ ಏನು? ಅಪ್ಪ ಸಾಯುವಾಗ ಹಿಡಿದುಕೊಂಡಿದ್ದ ಸರ ಅದು. ತಾನು ಸತ್ತಾಗ ಅದು ತನ್ನ ಕೈಯಲ್ಲಿರಬೇಕು, ಇಲ್ಲದಿದ್ದರೆ ಮೇಲೆ ಹೋದಾಗ ಗಂಡನಿಗೆ ಗುರುತು ಹತ್ತುವುದಿಲ್ಲ ಎಂದು ಅವಳು ದಿನಾ ಹೇಳುತ್ತಿದ್ದಳು. ಈಚೆಗೆ ಕೆಮ್ಮಿದರೆ ರಕ್ತ ಬರುತ್ತಿತ್ತು. ಆ ದಿನ ದೂರವಿಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಇನಾಸ ಲಿಂಗನಮಕ್ಕಿಯ ಅಣೆಕಟ್ಟಿನಲ್ಲಿ ಹಲಗೆ ಕೆಲಸಕ್ಕೆಂದು ಘಟ್ಟ ಹತ್ತಿ ಬಂದವನು. ಕೆಲಸ ಮುಗಿದ ಮೇಲೆ ಸಾಗರದ ಈ ಕೇರಿಯಲ್ಲೇ ಉಳಿದು, ಯಾರ ಮನೆಯ ಬಾಗಿಲು, ಕೊಡೆ, ಜಪಸರ ಏನು ಮುರಿದರೂ ಕೂಡಿಸಿಕೊಡುತ್ತಿದ್ದ. ಹಿಂದೆಮುಂದೆ ಯಾರೂ ಇರಲಿಲ್ಲ. ಅವನದೇ ಕೆಲಸದ ಬೆಂಚಿನ ಮೇಲೆ ಅವನನ್ನು ಮಲಗಿಸಿದ್ದರು. ಕೇರಿಯ ಕ್ರೈಸ್ತರ ಮದುವೆಗೂ ಮಣ್ಣಿಗೂ ಮುಂದೆ ನಿಲ್ಲುವ ಗುರಿಕಾರ ಪಾಸ್ಕು, ಹೆಣದ ಕೈ ನೋಡಿ ಹುಬ್ಬು ಗಂಟಿಕ್ಕಿದ.

"ಬರಿಗೈಲಿ ಮಲಗಿಸಿದೀರಲ್ಲ, ದೇವರ ಹತ್ರ ಭಿಕ್ಷೆಗೆ ಕಳಿಸ್ತೀರಾ? ಇವನ ಸರ ಎಲ್ಲಿ?"

ಹುಡುಕಿದರು, ಸಿಗಲಿಲ್ಲ. ಪಾಸ್ಕುವಿನ ಕಣ್ಣು ಕೈತಾನನ ಮುಷ್ಟಿಯ ಮೇಲೆ ಬಿತ್ತು. "ನಿನ್ನ ಹತ್ರ ಉಂಟಲ್ಲ. ಕೊಡು."

"ಇದು ನಮ್ಮ ಮಾಯ್‌ದು, ಗುರಿಕಾರರೇ..."

"ಅವಳಿಗೂ ಪುಣ್ಯ ಬರ್ತದೆ."

ಕೈತಾನ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಸರ ಇನಾಸನ ಬೆರಳುಗಳ ನಡುವೆ ಹೊಕ್ಕಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಬೆರಳುಗಳು ತುಕ್ಕು ಹಿಡಿದ ಕತ್ತರಿಯ ಹಾಗೆ ಬಿಗಿದುಕೊಂಡವು.

ಮಂದಿ ಊಟಕ್ಕೆ ಚದುರಿದಾಗ ಕೈತಾನ ಮೆಲ್ಲಗೆ ಪಕ್ಕದಲ್ಲಿ ಕೂತು ಎಳೆದ. ಇನಾಸನ ತೋಳು ಬಂತು, ಸರ ಬರಲಿಲ್ಲ. ಇನ್ನಷ್ಟು ಎಳೆದ. ಇನಾಸನೇ ಎದ್ದು ಕೂರುವ ಹಾಗಾಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಮೂಗು ಸೇದುವ ಸದ್ದು. ನೆರೆಮನೆಯ ದುಗ್ಗಮ್ಮ.

"ಬಿಡಿ ಕೈತಾನಣ್ಣ. ಹಿಡ್ಕಂಡ್ ಎಳದ್ರೆ ಹೋದೋರು ಬತ್ತಾರಾ?"

ಅವಳು ಹೊರಗೆ ಹೋಗಿ, "ಒಡಹುಟ್ಟಿದೋರೂ ಹಿಂಗಿರಲ್ಲ," ಎಂದು ಕೇರಿಗೆಲ್ಲ ಸಾರಿದಳು. ಬದುಕಿದ್ದಾಗ ಇನಾಸನ ಜೊತೆ ಕೈತಾನ ಮಳೆಯ ವಿಚಾರ ಬಿಟ್ಟು ಬೇರೇನೂ ಮಾತಾಡಿದವನಲ್ಲ. ಈಗ ಕೈತಾನನ ಎರಡು ಕಡೆಗೂ ಕಾವಲು ಕೂತಿತು. ಒಬ್ಬ ಗಾಳಿ ಬೀಸಿದ, ಇನ್ನೊಬ್ಬ ಬೆಲ್ಲದ ಕಾಫಿ ಕುಡಿಸಿದ.

ಕಣ್ಣೊರೆಸಿಕೊಳ್ಳುವ ನೆವದಲ್ಲಿ ಕೈತಾನ ಬಾಗಿಲ ಹಿಂದಕ್ಕೆ ಮುಖ ತೂರಿಸಿದ. ಅಲ್ಲಿ ಮೊಳೆಗೆ ಇನಾಸನ ಅಂಗಿ ನೇತಾಡುತ್ತಿತ್ತು. ಅಂಗಿಯ ಅಡಿಯಲ್ಲಿ ಅಂಥದ್ದೇ ಕರಿಮಣಿಯ ಒಂದು ಜಪಸರ. ದೇವರಿದ್ದಾನೆ ಎಂದು ಆ ದಿನ ಮೊದಲ ಸಲ ಅವನಿಗೆ ಅನ್ನಿಸಿತು. ಇನಾಸನದು ಇನಾಸನಿಗೆ, ಮಾಯ್‌ದು ಮಾಯ್‌ಗೆ. ಪಾಸ್ಕುವಿಗೆ ಹೇಳಿಬಿಡಬಹುದಿತ್ತು. ಆದರೆ ಹೆಣಕ್ಕೆ ಕೊಟ್ಟದ್ದನ್ನು ವಾಪಸು ಕೇಳಿದವನೆಂಬ ಹೆಸರು ಬಂದರೆ ಸಾಗರದಲ್ಲಿ ಸತ್ತರೂ ಹೋಗುವುದಿಲ್ಲ. ಸರವನ್ನು ಅಂಗೈಯಲ್ಲಿ ಅಡಗಿಸಿಕೊಂಡು ಕಾದ.

ಹೆಣವನ್ನು ಪೆಟ್ಟಿಗೆಗೆ ಇಳಿಸಿದ ಮೇಲೆ ಪಾದ್ರಿಗಳು ಬಂದು ತೀರ್ಥ ಚಿಮುಕಿಸಿದರು. "ಮುಖ ನೋಡೋರು ನೋಡ್ಕೊಳ್ಳಿ," ಎಂದ ಪಾಸ್ಕು, ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ. ಕೈತಾನ ಕಾವಲಿನವರನ್ನು ನೂಕಿ, "ಇನಾಸಾ, ನನ್ನ ಬಿಟ್ಟು ಹೋದೆಯಲ್ಲೋ," ಎಂದು ಪೆಟ್ಟಿಗೆಯ ಮೇಲೆ ಬಿದ್ದ. ಎದೆಯ ಅಡಿಯಲ್ಲಿ ಹತ್ತು ಬೆರಳೂ ದುಡಿದವು. ಒಂದು ಗೆಣ್ಣು ಲಟಕ್ಕೆಂದಿತು. ತನ್ನದೋ ಅವನದೋ ತಿಳಿಯಲಿಲ್ಲ. ಎದ್ದಾಗ ಒಂದು ಸರ ಅವನ ಜೇಬಿನಲ್ಲಿತ್ತು, ಇನ್ನೊಂದು ಇನಾಸನ ಕೈಯಲ್ಲಿತ್ತು. ದುಗ್ಗಮ್ಮ ಬಿಕ್ಕಿದಳು. ಪಾದ್ರಿಗಳು ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ಮೊಳೆ ಬಿತ್ತು, ಆಮೇಲೆ ಮಣ್ಣೂ ಬಿತ್ತು.

ಸಂಜೆ ತಾಯಿ ಕಾಯುತ್ತಾ ಕೂತಿದ್ದಳು. "ತಂದ್ಯಾ?"

"ತಂದೆ ಮಾಯ್," ಎಂದು ಕೈತಾನ ಹೆಮ್ಮೆಯಿಂದ ಅವಳ ಕೈಗಿಟ್ಟ.

ನಾತಾಲಿಬಾಯಿಯ ಬೆರಳು ಎರಡು ಮಣಿ ಸರಿದು ನಿಂತುಬಿಟ್ಟಿತು. "ಇದು ಇನಾಸಂದು."

"ಅಲ್ಲ ಮಾಯ್, ನಿಂದೇ. ಬೆಳಿಗ್ಗೆ ನೀನೇ ಕೊಟ್ಟಿದ್ದು."

"ಬೆಳಿಗ್ಗೆ ಕೊಟ್ಟಿದ್ದೇ ಅವಂದು. ನನ್ನ ಸರದ ಕೊಂಡಿ ಕಳಚಿತ್ತು, ರಿಪೇರಿಗೆ ಕೊಟ್ಟಿದ್ದೆ. ಅಲ್ಲೀವರೆಗೆ ಜಪಕ್ಕಿರ್ಲಿ ಅಂತ ತಂದು ಕೊಟ್ಟಿದ್ದ, ಪಾಪ. ಅವನ ಸರ ಅವನ ಕೈಗೇ ಸೇರ್ಲಿ ಅಂತ ಕಳಿಸ್ದೆ. ನಂದು ರಿಪೇರಿ ಆಗಿ ಬಾಗಿಲ ಹಿಂದೆ ಮೊಳೇಲಿ ಉಂಟು ಅಂದಿದ್ದ. ಎಲ್ಲಿ ಅದು?"

ಅಷ್ಟರಲ್ಲಿ ದುಗ್ಗಮ್ಮ ಗಂಜಿಯ ಪಾತ್ರೆ ಹಿಡಿದು ಒಳಗೆ ಬಂದಳು.

"ಬಾಯಮ್ಮ, ನಿಮ್ ಮಗ ಚಿನ್ನ. ಬಾಗ್ಲ ಹಿಂದೆ ಇದ್ದ ಸರ ತಂದು, ಅತ್ಕೊಂಡೇ ಅವ್ನ ಕೈಗೆ ಸುತ್ತಿದ್ರು. ನಾ ಕಣ್ಣಾರೆ ಕಂಡೆ. ಯಾರಿಗೂ ಹೇಳ್ಲಿಲ್ಲ."

ಅವಳು ಹೋದ ಮೇಲೆ ನಾತಾಲಿಬಾಯಿ ಸರವನ್ನು ಮಡಿಲಲ್ಲಿಟ್ಟಳು. ಕೆಮ್ಮಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇರ್ಲಿ ಬಿಡು. ಮೇಲೆ ಹೋದ್ರೆ ನಿಮ್ಮಪ್ಪ ಇನಾಸನ್ನ ಗುರುತು ಹಿಡೀತಾರೆ."

ಇನಾಸನ ಸರದ ಶಿಲುಬೆಯನ್ನು ಹಣೆಗೆ ಮುಟ್ಟಿಸಿಕೊಂಡು ಮಗನ ಕಡೆ ತಿರುಗಿದಳು.

"ಬಾ, ಮೊಣಕಾಲೂರು. ಇವತ್ತಾದ್ರೂ ಜಪದಲ್ಲಿ ನಿದ್ದೆ ಮಾಡ್ಬೇಡ."