ಕಂಚಿಕಾಯಿಗೆ ಚಳಿಯಾದಾಗ

ನಮ್ಮ ಮಾವ ಯಾರ ಮನೆಗೆ ಹೋದರೂ ಮೊದಲು ಕೈ ಹಾಕುವುದು ಅವರ ಫ್ರಿಜ್ಜಿಗೆ! ತಿನ್ನಲಿಕ್ಕಲ್ಲ, ತಪ್ಪು ತಿಳಿಯಬೇಡಿ. ಒಳಗಿನ ಲಿಂಬೆಹಣ್ಣಿಗೆ ಚಳಿಯಾಗುತ್ತಿದೆಯೋ ಏನೋ ಎಂದು ವಿಚಾರಿಸಿಕೊಳ್ಳಲಿಕ್ಕೆ! ಸಿದ್ದಾಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಮಕ್ಕಳು ಕೈಗೆ ಸಿಗದೆ ಹಣ್ಣುಗಳಿಗೆ ಗಂಟುಬಿದ್ದಿದ್ದಾರೆ.

"ಕೊಯ್ದ ಮೇಲೂ ಅದ್ಕೆ ಜೀವ ಇರ್ತು ತಮಾ, ಉಸಿರಾಡ್ತು! ಹದಾ ತಂಪಲ್ಲಿಟ್ರೆ ನಿಧಾನ ಉಸಿರಾಡ್ತಾ ಸುಮಾರು ದಿನ ಬಾಳ್ತು. ಐಸ್ ಮಾಡಿದ್ಯೋ, ಒಳಗಿನ ರಸದ ಚೀಲ ಎಲ್ಲ ಒಡೆದು ಕಡೆಗೆ ಬರೀ ಕಹಿ!"

ಮದುವೆಮನೆಯಾಗಲಿ, ತಿಥಿಮನೆಯಾಗಲಿ, ಈ ಪಾಠ ತಪ್ಪಿದ್ದಲ್ಲ. ಎಕ್ಕಂಬಿಯಲ್ಲೊಬ್ಬ ಹಳೇ ಶಿಷ್ಯನ ಮನೆಗೆ ಹೋದಾಗ ಐಸ್ ಪೆಟ್ಟಿಗೆಯ ಲಿಂಬೆಹಣ್ಣುಗಳನ್ನೆಲ್ಲ ಹೊರಗೆ ತೆಗೆದು, ಹೆಗಲ ಮೇಲಿನ ಟವೆಲಿನಲ್ಲಿ ಮೈ ಒರೆಸಿ, ಬಿಸಿಲಿಗೆ ಕೂರಿಸಿಯೇಬಿಟ್ಟರು!

"ಸರ್, ನಿಮಗ ಶರಬತ್ ಮಾಡಾಕ ಇಟ್ಟಿದ್ದೆ. ಒಂದರ ಕೊಡ್ರಿ!" ಅಂದ ಶಿಷ್ಯ.

"ತಡಿಯೋ, ಪಾಪ, ಸುಧಾರಿಸಿಕೊಳ್ಳಲಿ."

ನಾವು ನೀರು ಕುಡಿದು ಎದ್ದು ಬಂದೆವು.

ಈ ವರ್ಷವಂತೂ ಹುಚ್ಚು ವಿಪರೀತಕ್ಕೇರಿತ್ತು. ಅತ್ತೆ ದೊಡ್ಡ ಕಾಯಿಲೆಯಿಂದ ಎದ್ದಿದ್ದರು. ಔಷಧಿಯ ದೆಸೆಯಿಂದ ನಾಲಿಗೆ ಸತ್ತೇಹೋಗಿತ್ತು. ಉಪ್ಪು, ಹುಳಿ, ಸಿಹಿ ಏನು ಕೊಟ್ಟರೂ "ಮಣ್ಣು" ಅನ್ನುತ್ತಿದ್ದರು. ಒಂದು ದಿನ ಮಾತ್ರ, "ರುಚಿ ಬಂದ ದಿನ ಎಂಗೆ ಮೊದ್ಲು ಕಂಚಿಕಾಯಿ ಗೊಜ್ಜು ಬೇಕು" ಅಂದಿದ್ದರು. ಲಿಂಬೆಯ ದೊಡ್ಡಣ್ಣನಂತಿರುವ ಈ ಹುಳಿ ಕಂಚಿಯ ಕಾಲ ಮುಗಿಯುತ್ತ ಬಂದಿತ್ತು. ಮರದಲ್ಲಿ ಉಳಿದಿದ್ದನ್ನೆಲ್ಲ ಮಾವ ಕೊಯ್ದು, ಒಂದೊಂದಕ್ಕೂ ಕಾಗದ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಮಲಗಿಸಿದರು. ಬಾಣಂತಿಗೂ ಅಷ್ಟು ಆರೈಕೆ ಇಲ್ಲ! ಬೆಳಿಗ್ಗೆ ಎದ್ದವರೇ ಮೈ ಮುಟ್ಟಿ ನೋಡುವುದು, ಕಾಗದ ಬದಲಿಸುವುದು!

"ಎನ್ನ ಮೈ ಮುಟ್ಟಿ ನೋಡದು ಮರೆತ್ರೂ ಕಂಚಿಕಾಯಿದು ಮರೆಯದಿಲ್ಲೆ!" ಎಂದು ಅತ್ತೆ ನಗುತ್ತಿದ್ದರು.

ಅಷ್ಟರಲ್ಲಿ ಸಹಾಯಕ್ಕೆಂದು ಯಲ್ಲಾಪುರದಿಂದ ಮಾವನ ಅಕ್ಕ ಬಂದರು. ಬಂದವರು ಫ್ರಿಜ್ ತೊಳೆದು, ಹಾಳಾಗದಿರಲಿ ಎಂಬ ಒಳ್ಳೇ ಮನಸ್ಸಿನಿಂದ ಕಂಚಿಕಾಯಿಗಳನ್ನೆಲ್ಲ ಫ್ರೀಜರಿಗೆ ತುಂಬಿದರು! ಮರುದಿನ ಮಾವ ತೆಗೆದರೆ ಎಲ್ಲವೂ ಕಲ್ಲುಗುಂಡು.

"ಅಕ್ಕಾ, ಎಂತಾ ಮಾಡಿಬಿಟ್ಯೆ!"

"ಗಟ್ಟಿ ಆದ್ರೆ ಒಳ್ಳೇದೇ ಅಲ್ದನಾ?"

ಜೀವಮಾನದಲ್ಲಿ ಮೊದಲ ಬಾರಿಗೆ ಮಾವ ಪಾಠ ಮಾಡಲಿಲ್ಲ. ಒಂದು ಕಾಯನ್ನು ಅಂಗೈಯಲ್ಲಿಟ್ಟುಕೊಂಡು ಟವೆಲಿನಲ್ಲಿ ಅದರ ಮೈ ಒರೆಸತೊಡಗಿದರು. ನನಗೂ ನಗು ಬರಲಿಲ್ಲ.

ಬಿಸಾಡಲು ಮನಸ್ಸಾಗದೆ ಅಕ್ಕ ಅದರಲ್ಲೇ ಬೆಲ್ಲ ಸುರಿದು ಗೊಜ್ಜು ಕುದಿಸಿದರು. ಮಾವ ಬೇಡವೆಂದರೂ ಅತ್ತೆ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದರು. ಮಣ್ಣು ಅನ್ನುತ್ತಾರೆಂದು ಕಾದೆವು. ಅತ್ತೆಯ ಮುಖ ಕಿವುಚಿತು.

"ಥೂ! ಎಂತಾ ಕಹಿ ಇದು!"

"ಎಂತ ಹೇಳ್ದೆ? ಇನ್ನೊಂದ್ಸಲ ಹೇಳು!" ಮಾವ ಎದ್ದುನಿಂತಿದ್ದರು.

"ಕಹಿ, ಕಹಿ! ವಿಷದಂಗೆ ಕಹಿ!"

"ಅಕ್ಕಾ, ಇವಳಿಗೆ ಕಹಿ ಗೊತ್ತಾತೇ!" ಎಂದು ಕೂಗಿ, ಲಿಂಬೆಹಣ್ಣಿನ ಮೈ ಒರೆಸುವ ಅದೇ ಟವೆಲಿನಲ್ಲಿ ಮಾವ ಕಣ್ಣೊರೆಸಿಕೊಂಡರು. ಆಮೇಲೆ ಅನ್ನ ಬಡಿಸಿಕೊಂಡು, ಆ ಕಹಿ ಗೊಜ್ಜನ್ನು ಅಷ್ಟೂ ತಾವೊಬ್ಬರೇ ಕಲಸಿಕೊಂಡು ಉಂಡರು.